ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಓದಲು ಕಡಿಮೆ ಬೆಲೆಯ ಟ್ಯಾಬ್ಲೆಟ್ ಯಾವುದು?

ಶಿರಸಿಯವ:
ನಮ್ಮ ತಂದೆಯವರು ನಿವೃತ್ತ ಶಿಕ್ಷಕರು, ವಯಸ್ಸು 71. ಆರ್ಕೈವ್ ತಾಣದಿಂದ ನಾನು ಇಳಿಸಿಕೊಟ್ಟ ಹಳೆಯ ಪುಸ್ತಕಗಳನ್ನು ಮೊಬೈಲಿನಲ್ಲೇ ಓದುತ್ತಿದ್ದಾರೆ. ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯಬೇಕಾಗುವುದರಿಂದ ಹತ್ತು ಪುಟ ಮುಗಿಯುವಷ್ಟರಲ್ಲಿ ಬೇಸತ್ತು ಬದಿಗಿಡುತ್ತಾರೆ. ಇದಲ್ಲದೆ ಸಂಜೆ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುತ್ತಾರೆ, ಆಗೊಮ್ಮೆ ಈಗೊಮ್ಮೆ ಆನ್‌ಲೈನಿನಲ್ಲಿ ಪುಸ್ತಕ ತರಿಸುತ್ತಾರೆ. ಹಗುರವಾಗಿರಲೆಂದು 8 ಇಂಚಿನ ಟ್ಯಾಬ್ಲೆಟ್ ಯೋಚಿಸಿದ್ದೇನೆ. ಅದು ಸಾಕೇ, ಅಥವಾ ಅಮೆಜಾನಿನ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್ ಒಳ್ಳೆಯದೇ?

ಹಳೆಹೊತ್ತಗೆ:
8 ಇಂಚು ಬೇಡ. ನಮ್ಮ ಕಾದಂಬರಿಗಳು ಬಹುತೇಕ ಡೆಮಿ ಅಷ್ಟದಳ, ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ. ಮೂಲೆಯಿಂದ ಮೂಲೆಗೆ 10.1 ಇಂಚಿನ ಪರದೆಯನ್ನು ನಿಲ್ಲಿಸಿ ಹಿಡಿದರೆ ಅದರ ಅಳತೆಯೂ ಹೆಚ್ಚುಕಡಿಮೆ ಅಷ್ಟೇ ಆಗುವುದರಿಂದ ಪುಟ ಮೂಲದ ಗಾತ್ರದಲ್ಲೇ ಕಾಣುತ್ತದೆ. ಆದರೆ ಗಾತ್ರಕ್ಕಿಂತ ಮುಖ್ಯವಾದುದು ಪಿಕ್ಸೆಲ್‌ಗಳ ಸಂಖ್ಯೆ. 1280x800 ಪರದೆಯಲ್ಲಿ ಪುಟದ ಇಡೀ ಅಗಲಕ್ಕೆ ಸಿಗುವುದು 800 ಚುಕ್ಕೆಗಳು ಮಾತ್ರ. ಇಂಗ್ಲಿಷಿಗೆ ಅದು ಸಾಕಾದೀತು, ನಮ್ಮ ಒತ್ತಕ್ಷರಗಳಿಗೆ ಸಾಲದು. 'ಶಾಸ್ತ್ರ' ಎಂಬಲ್ಲಿ ತಕಾರದ ಒತ್ತೂ ರಕಾರದ ಒತ್ತೂ ಒಂದೇ ಮಸಿಯ ಕಲೆಯಾಗಿಬಿಡುತ್ತವೆ. 1920x1200 ಇರುವುದನ್ನೇ ಆರಿಸಿ. ರೆಡ್‌ಮಿ ಪ್ಯಾಡ್ ಎಸ್‌ಇ 11 ಇಂಚಿನ ಅಂಥ ಪರದೆಯದು. ಗ್ಯಾಲಕ್ಸಿ ಟ್ಯಾಬ್ ಎ9 ಕೈಗೆ ಹಿತವಾದರೂ ಅದರದು 1340x800. ಸಾಮಾನ್ಯ ಕಿಂಡಲ್‌ನ ಪುಟ್ಟ ಪರದೆ ಸ್ಕ್ಯಾನ್ ಮಾಡಿದ ಪುಟಗಳಿಗೆ ಹೇಳಿ ಮಾಡಿಸಿದ್ದಲ್ಲ. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ ಎಂಬ ಮುನಿಸು ನನಗೆ ಇನ್ನೂ ಇದೆ, ಅದು ಬೇರೆ ಮಾತು.

ಸುಟ್ಟಕೈ:
ಹೆಸರು ಕೇಳಿರದ ಕಂಪನಿಯದನ್ನು ಅಗ್ಗವೆಂದು ಕೊಳ್ಳಬೇಡಿ. ನಾನು ತಂದ ಒಂದರಲ್ಲಿ ವೈಡ್‌ವೈನ್ ಎಲ್1, ಅಂದರೆ ಸಿನಿಮಾ ಆ್ಯಪ್‌ಗಳು ಸ್ಪಷ್ಟ ಚಿತ್ರ ತೋರಿಸಲು ಕೇಳುವ ನಕಲು-ತಡೆ ವ್ಯವಸ್ಥೆ, ಇರಲಿಲ್ಲ. ಪೆಟ್ಟಿಗೆಯ ಮೇಲೆ ಫುಲ್ ಎಚ್‌ಡಿ ಎಂದು ದಪ್ಪಕ್ಷರದಲ್ಲಿದ್ದರೂ ನೆಟ್‌ಫ್ಲಿಕ್ಸ್ ಮಾತ್ರ 480ಪಿ ದಾಟಲೇ ಇಲ್ಲ. ಯೂಟ್ಯೂಬಿನ ಯಕ್ಷಗಾನಕ್ಕೆ ಇದರಿಂದ ತೊಂದರೆಯಿಲ್ಲ, ಆದರೂ ಕೇಳಿಕೊಂಡೇ ಕೊಳ್ಳಿ. ಇನ್ನೊಂದು ವಿಷಯ, ಪುಸ್ತಕ ತರಿಸುವಾಗ ಹಣ ಕೊಡುವ ಬಗ್ಗೆ: ಯುಪಿಐ ಆ್ಯಪ್ ನೋಂದಾಯಿಸಲು ಬ್ಯಾಂಕಿಗೆ ಕೊಟ್ಟ ಸಂಖ್ಯೆಯ ಸಿಮ್ ಅದೇ ಸಾಧನದಲ್ಲಿರಬೇಕು. ವೈಫೈ ಮಾತ್ರ ಇರುವ ಟ್ಯಾಬ್ಲೆಟ್‌ನಲ್ಲಿ ಅದು ಆಗದು. ಕಾರ್ಡ್ ಬಳಸಿದರೆ ಒಟಿಪಿ ಹೇಗೂ ಮೊಬೈಲಿಗೇ ಬರುತ್ತದೆ; ಇಲ್ಲವೇ ವಸ್ತು ಮನೆಗೆ ಬಂದಾಗ ನಗದು ಕೊಡಬಹುದು.

ಶಿರಸಿಯವ:
ಇಬ್ಬರಿಗೂ ಧನ್ಯವಾದಗಳು. ಅಪ್ಪ ಓದುತ್ತಿದ್ದ ಪುಸ್ತಕದ ಒಂದೇ ಪುಟವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಅಂಗಡಿಯಲ್ಲಿ 800ರ ಪರದೆಯಲ್ಲೂ 1200ರ ಪರದೆಯಲ್ಲೂ ತೆರೆಸಿ, ಯಾವುದು ಯಾವುದೆಂದು ಹೇಳದೆ ಅವರ ಮುಂದಿಟ್ಟೆ. ಮೊದಲನೆಯದನ್ನು ನೋಡಿ "ಅಚ್ಚು ಮಸುಕು" ಎಂದು ಸುಮ್ಮನಾದರು. ಎರಡನೆಯದರಲ್ಲಿ ಅರ್ಧ ಪುಟ ಓದಿ, ಕನ್ನಡಕ ಸರಿಮಾಡಿಕೊಂಡು, ಎರಡು ಕಾಗುಣಿತದ ತಪ್ಪುಗಳನ್ನು ಬೆರಳಿಟ್ಟು ತೋರಿಸಿದರು. ಅದನ್ನೇ ಕಟ್ಟಿಸಿಕೊಂಡು ಬಂದೆವು.