ಉಬುಂಟು ಸರ್ವರ್: ಅಪ್‌ಡೇಟ್ ಆಯ್ತು, ರೀಬೂಟ್ ಯಾವಾಗ?

ಬಯಲುಸೀಮೆ:
ಉಬುಂಟು 22.04 ಸರ್ವರ್, ಎಂಜಿನ್‌ಎಕ್ಸ್ (ವೆಬ್ ಸರ್ವರ್) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಓಡ್ತಿವೆ. ಬಳಸೋರು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಇರ್ತಾರೆ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ (ಅಪ್‌ಡೇಟ್ ತಾನಾಗೇ ಹಾಕೋ ವ್ಯವಸ್ಥೆ) ಆನ್ ಇದೆ. ಲಾಗಿನ್ ಆದಾಗಲೆಲ್ಲ ‘ಸಿಸ್ಟಮ್ ರೀಸ್ಟಾರ್ಟ್ ರಿಕ್ವೈರ್ಡ್’ ಅಂತ ಬರುತ್ತೆ. ಪ್ಯಾಚ್ ತಾನಾಗೇ ಬೀಳ್ತಿರುವಾಗ ರೀಬೂಟ್ ಬೇಕೇಬೇಕಾ? ಎಷ್ಟು ದಿನ ತಳ್ಳಬಹುದು? ಮಷೀನ್ ದೂರದ ಡೇಟಾ ಸೆಂಟರ್‌ನಲ್ಲಿದೆ, ಮತ್ತೆ ಮೇಲೇಳದಿದ್ರೆ ಅನ್ನೋದೇ ಚಿಂತೆ.

ತುಂಗಾತೀರ:
ಬೇಕು. ಪ್ಯಾಕೇಜ್ ಡಿಸ್ಕ್‌ಗೆ ಬಂದ ಮಾತ್ರಕ್ಕೆ ಮೆಮೊರಿಯಲ್ಲಿ ಓಡ್ತಿರೋದು ಬದಲಾಗಲ್ಲ. ‘ಯುನೇಮ್ -ಆರ್’ ಕೊಟ್ಟು ಈಗ ಓಡ್ತಿರೋ ಕರ್ನಲ್ (ಸಿಸ್ಟಮ್‌ನ ತಿರುಳು) ಯಾವುದು ನೋಡಿ, ‘ಬೂಟ್’ ಡೈರೆಕ್ಟರಿಯಲ್ಲಿರೋ ಹೊಸ ಕರ್ನಲ್ ಜೊತೆ ಹೋಲಿಸಿ. ಎರಡೂ ಬೇರೆ ಇದ್ರೆ ಹಳೇ ತೂತು ಹಾಗೇ ತೆರೆದಿದೆ ಅಂತ ಲೆಕ್ಕ.

ಯಾವ ಪ್ಯಾಕೇಜ್‌ಗಾಗಿ ಕೇಳ್ತಿದೆ ಅನ್ನೋದು ವರ್ ಕೆಳಗಿನ ರನ್ ಡೈರೆಕ್ಟರಿಯ ‘ರೀಬೂಟ್-ರಿಕ್ವೈರ್ಡ್.ಪಿಕೆಜಿಎಸ್’ ಫೈಲ್‌ನಲ್ಲಿರುತ್ತೆ. ಕರ್ನಲ್, ಜಿಲಿಬ್‌ಸಿ (ಬಹುತೇಕ ಎಲ್ಲಾ ಪ್ರೋಗ್ರಾಂ ಬಳಸೋ ಮೂಲ ಲೈಬ್ರರಿ), ಡಿಬಸ್ (ಪ್ರೋಗ್ರಾಂಗಳ ನಡುವೆ ಸಂದೇಶ ಒಯ್ಯೋದು) ಇದ್ರೆ ರೀಬೂಟೇ ಸರಿ. ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್ ಲೈಬ್ರರಿ) ಥರದ್ದು ಮಾತ್ರ ಆದ್ರೆ ಸರ್ವಿಸ್ ರೀಸ್ಟಾರ್ಟ್ ಸಾಕು. ‘ನೀಡ್‌ರೀಸ್ಟಾರ್ಟ್ -ಆರ್ ಎಲ್’ ಕೊಟ್ರೆ ಹಳೇ ಲೈಬ್ರರಿ ಹಿಡ್ಕೊಂಡು ಕೂತಿರೋ ಸರ್ವಿಸ್‌ಗಳ ಪಟ್ಟಿ ಬರುತ್ತೆ.

ತಳ್ಳೋ ವಿಷಯ: ಹೊರಗಿನಿಂದ ನೆಟ್‌ವರ್ಕ್ ಮೂಲಕವೇ ಒಳಗೆ ಬರಬಹುದಾದ ದೋಷವಾದ್ರೆ ಅವತ್ತೇ ರಾತ್ರಿ. ಹಲವರಿಗೆ ಶೆಲ್ (ಕಮಾಂಡ್ ಕೊಡೋ ಲಾಗಿನ್) ಕೊಟ್ಟಿದ್ರೆ, ಸಾಮಾನ್ಯ ಯೂಸರ್ ರೂಟ್ (ಪೂರ್ಣ ಅಧಿಕಾರದ ಖಾತೆ) ಆಗಬಹುದಾದ ದೋಷಕ್ಕೂ ಅಷ್ಟೇ ಅವಸರ. ಉಳಿದದ್ದಕ್ಕೆ ಎರಡು ವಾರಕ್ಕೊಮ್ಮೆ ಒಂದು ದಿನ ಗೊತ್ತು ಮಾಡ್ಕೊಳ್ಳಿ.

ಕಪ್ಪುಪರದೆ:
ಆಟೊಮ್ಯಾಟಿಕ್ ರೀಬೂಟ್ ಆನ್ ಮಾಡೋ ಯೋಚನೆ ಇದ್ರೆ ಗಡಿಯಾರ ನೋಡಿ. ಡಿಫಾಲ್ಟ್ ಆಗಿ ಅದು ಆಫ್. ಆನ್ ಮಾಡಿ ಸಮಯ 02:00 ಅಂತ ಬರೆದ್ರೆ, ಸರ್ವರ್ ಯುಟಿಸಿಯಲ್ಲಿದ್ದಾಗ (ನಮಗಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯ) ಅದು ನಮ್ಮ ಬೆಳಿಗ್ಗೆ 7:30. ನಮ್ಮ ರಾತ್ರಿ ಎರಡು ಬೇಕಂದ್ರೆ 20:30 ಬರೀಬೇಕು. ಯಾರಾದ್ರೂ ಲಾಗಿನ್ ಆಗಿದ್ರೂ ಅದು ಕಾಯಲ್ಲ, ‘ವಿತ್ ಯೂಸರ್ಸ್’ ಆಯ್ಕೆಯನ್ನ ಫಾಲ್ಸ್ ಮಾಡಿದ್ರೆ ಮಾತ್ರ ತಡೆಯುತ್ತೆ. ಡೇಟಾಬೇಸ್ ಬ್ಯಾಕಪ್‌ನ ಕ್ರಾನ್ (ಗೊತ್ತಾದ ಹೊತ್ತಿಗೆ ತಾನಾಗೇ ಓಡೋ ಕೆಲಸ) ಅದೇ ಹೊತ್ತಿಗಿದ್ರೆ ಡಂಪ್ (ಬ್ಯಾಕಪ್ ಪ್ರತಿ) ಅರ್ಧಕ್ಕೇ ನಿಲ್ಲುತ್ತೆ.

ನಿಮ್ಮದು ಒಂದೇ ಸರ್ವರ್ ಅಂತ ಕಾಣುತ್ತೆ. ಹಾಗಿದ್ರೆ ಆಟೊಮ್ಯಾಟಿಕ್ ಬೇಡ. ರಾತ್ರಿ ಎರಡಕ್ಕೆ ಸರ್ವರ್ ಮಲಗಿದ್ರೆ ಬೆಳಗಾಗೋವರೆಗೆ ಕೇಳೋರಿಲ್ಲ. ರಾತ್ರಿ ಎಂಟೂವರೆಗೆ, ಎಚ್ಚರ ಇರುವಾಗ, ಕೈಯಾರೆ ಮಾಡಿ. ಶುಕ್ರವಾರ ಸಂಜೆ ಅಂತೂ ಬೇಡವೇ ಬೇಡ.

ಹಳೇಗಾಡಿ:
ಮೇಲೇಳದೇ ಇರೋದಕ್ಕೆ ಹೆಚ್ಚಿನ ಸಲ ಅಪ್‌ಡೇಟ್ ಕಾರಣ ಅಲ್ಲ. ಹಿಂದಿನ ರೀಬೂಟ್ ಆದ ಮೇಲೆ ಮಾಡಿದ ಚಿಲ್ಲರೆ ಬದಲಾವಣೆಗಳು ಒಟ್ಟಿಗೇ ಎದ್ದು ಕೂರ್ತವೆ. ಅದಕ್ಕೇ ತುಂಬಾ ದಿನದಿಂದ ಓಡ್ತಿರೋ ಮಷೀನ್ ಆದ್ರೆ ಹೊಸ ಪ್ಯಾಕೇಜ್ ಹಾಕೋ ಮೊದಲೇ ಒಂದ್ಸಲ ರೀಬೂಟ್ ಮಾಡೋದು ಒಳ್ಳೇದು. ಆಗ ತೊಂದರೆ ಹಳೇದಾ ಹೊಸದಾ ಅನ್ನೋದು ಸ್ಪಷ್ಟ.

ಬಟನ್ ಒತ್ತೋ ಮುಂಚೆ ‘ಡಿಎಫ್ -ಎಚ್’ ಕೊಟ್ಟು ಬೂಟ್ ಪಾರ್ಟಿಷನ್ ನೋಡಿ. ಅದು ತುಂಬಿದ್ರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಕರ್ನಲ್‌ಗೆ ಬೇಕಾದ ಫೈಲ್‌ಗಳ ಕಟ್ಟು) ಪೂರ್ತಿ ಬರೆಯಲ್ಲ, ಹೊಸ ಕರ್ನಲ್‌ಗೆ ರೂಟ್ ಫೈಲ್‌ಸಿಸ್ಟಮ್ ಸಿಗದೆ ಪ್ಯಾನಿಕ್ ಆಗುತ್ತೆ (ಅಲ್ಲೇ ನಿಂತುಬಿಡುತ್ತೆ). ‘ಏಪಿಟಿ ಆಟೊರಿಮೂವ್ --ಪರ್ಜ್’ ಹಳೇ ಕರ್ನಲ್ ತೆಗೆಯುತ್ತೆ. ಆಮೇಲೆ ‘ಫೈಂಡ್‌ಎಂಎನ್‌ಟಿ --ವೆರಿಫೈ’: ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸೋ ಡಿಸ್ಕ್‌ಗಳ ಪಟ್ಟಿ) ಈಗಿಲ್ಲದ ಡಿಸ್ಕ್‌ನ ಸಾಲೊಂದು ಉಳಿದಿದ್ರೂ ಬೂಟ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ದಾರಿ) ಸಿಗಲ್ಲ. ಹೆಚ್ಚುವರಿ ಡಿಸ್ಕ್‌ಗಳಿಗೆ ‘ನೋಫೇಲ್’ (ಡಿಸ್ಕ್ ಸಿಗದಿದ್ರೂ ಬೂಟ್ ಮುಂದುವರಿಯಲಿ ಅನ್ನೋ ಆಯ್ಕೆ) ಹಾಕಿ. ಕೈಯಿಂದ ಸ್ಟಾರ್ಟ್ ಮಾಡಿ ‘ಎನೇಬಲ್’ (ಬೂಟ್ ಆದಾಗ ತಾನಾಗೇ ಶುರುವಾಗೋ ಹಾಗೆ) ಮಾಡೋದು ಮರೆತ ಸರ್ವಿಸ್‌ಗಳು ಇನ್ನೊಂದು ಮಾಮೂಲಿ ಕಾಟ, ‘ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್’ ಕೊಟ್ಟು ಒಂದೊಂದನ್ನೇ ನೋಡಿ.

ಡೇಟಾ ಸೆಂಟರ್‌ನವರ ವೆಬ್ ಕನ್ಸೋಲ್‌ಗೆ ಮೊದಲೇ ಲಾಗಿನ್ ಆಗಿ, ಪಾಸ್‌ವರ್ಡ್ ಕೆಲಸ ಮಾಡುತ್ತಾ ಖಾತ್ರಿ ಮಾಡ್ಕೊಳ್ಳಿ. ಹೊಸ ಕರ್ನಲ್ ಕೈಕೊಟ್ರೆ ಗ್ರಬ್‌ನ (ಬೂಟ್ ಆಗುವಾಗ ಬರೋ ಮೆನು) ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಹಿಂದಿನದು ಸಿಗುತ್ತೆ.

ಬಯಲುಸೀಮೆ:
ಫೈಲ್‌ನಲ್ಲಿ ಕರ್ನಲ್, ಜಿಲಿಬ್‌ಸಿ ಎರಡೂ ಇವೆ. ಲೈವ್‌ಪ್ಯಾಚ್ (ರೀಬೂಟ್ ಇಲ್ಲದೆ ಓಡ್ತಿರೋ ಕರ್ನಲ್‌ಗೇ ಪ್ಯಾಚ್ ಹಾಕೋ ಸೇವೆ) ಹಾಕಿದ್ರೆ ಈ ರಗಳೆ ತಪ್ಪುತ್ತಾ?

ತುಂಗಾತೀರ:
ತಪ್ಪಲ್ಲ, ಅವಸರ ಕಮ್ಮಿ ಆಗುತ್ತೆ ಅಷ್ಟೇ. ಅದು ಕರ್ನಲ್‌ನ ಗಂಭೀರ ದೋಷಗಳನ್ನ ಮಾತ್ರ ಮುಚ್ಚುತ್ತೆ, ಜಿಲಿಬ್‌ಸಿ ಮುಟ್ಟಲ್ಲ. ಉಬುಂಟು ಪ್ರೊ (ಉಬುಂಟುವಿನ ಚಂದಾ ಸೇವೆ) ಸ್ವಂತ ಬಳಕೆಗೆ ಐದು ಮಷೀನ್‌ವರೆಗೆ ಉಚಿತ, ಅದರಲ್ಲೇ ಲೈವ್‌ಪ್ಯಾಚ್ ಬರುತ್ತೆ. ನಿಮ್ಮ ಪಟ್ಟಿ ನೋಡಿದ್ರೆ ಈ ವಾರವೇ ರೀಬೂಟ್ ಮಾಡಿ.