ಪದಚರ್ಚೆ: ಸನ್‌ರೂಫಿನ ಗಾಜು ‘ಬದಲಿಸುವುದೋ’ ‘ಕೂರಿಸುವುದೋ’?

ಎಲ್ಲರಿಗೂ ನಮಸ್ಕಾರ.

ಕಾರಿನ ವಿಮೆಗೆ ಒಂದು ಪುಟದ ಹೇಳಿಕೆ ಬರೆಯಲು ಹೋಗಿ ನಾಲ್ಕು ದಿನದಿಂದ ಸಿಕ್ಕಿಬಿದ್ದಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಹೋದ ತಿಂಗಳು ಭಾವನ ಕಾರಿನಲ್ಲಿ ಪುತ್ತೂರಿನ ಹತ್ತಿರದ ನಮ್ಮ ಮನೆಗೆ ಹೋಗಿದ್ದೆವು. ಅಂಗಳದಲ್ಲಿ ಅಡಿಕೆ ಹರಡಿತ್ತು. ಹಾಗಾಗಿ ಕಾರನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿದೆ. ತಪ್ಪು ನನ್ನದೇ. ಊಟಕ್ಕೆ ಕೂತಿದ್ದಾಗ ಧಡ್ ಎಂದು ಒಂದು ಸದ್ದು. ಅದರ ಬೆನ್ನಿಗೇ ಅಕ್ಕಿ ಸುರಿದ ಹಾಗೆ ಇನ್ನೊಂದು ಸದ್ದು. ಹೋಗಿ ನೋಡಿದರೆ ಸನ್‌ರೂಫ್, ಅಂದರೆ ಕಾರಿನ ಸೂರಿನಲ್ಲಿ ಜಾರಿ ತೆರೆಯುವ ಗಾಜು, ಇದ್ದ ಕಡೆ ಬರೀ ತೂತು. ಕಾಯಿ ಕಾರಿನೊಳಗೆ ಗೇರ್ ಲಿವರಿನ ಪಕ್ಕ ಸಿಪ್ಪೆ ಸಮೇತ ಕೂತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಕಾರು ತಂದ ದಿನ ನಾವು ಕಾಯಿ ಒಡೆದಿದ್ದೆವು, ಲೆಕ್ಕ ಚುಕ್ತಾ ಆಯಿತು ಎಂದು ಭಾವ ಹಲ್ಲು ಕಚ್ಚಿಕೊಂಡು ನಕ್ಕರು. ಅಮ್ಮ ಮಾತ್ರ ಜಗಲಿಯಿಂದಲೇ ಕೇಳಿದ್ದು ಇಷ್ಟು: “ಎಂತ, ಕಾರಿನ ಮಾಡಿಗೂ ಕನ್ನಡಿ ಹಂಚು ಹಾಕ್ತಾರಾ?”

ಮಾಡು ಎಂದರೆ ನಮ್ಮ ಕಡೆ ಸೂರು. ಆ ಮಾತಿಗೆ ಮತ್ತೆ ಬರುತ್ತೇನೆ. ಮೊದಲು ನನ್ನ ಕಷ್ಟ ಕೇಳಿ. ವಿಮೆಯ ಕಡೆಯಿಂದ ಬಂದ ಸರ್ವೇಯರ್ “ಹೇಗಾಯಿತು ಅಂತ ಒಂದು ಪುಟ ಬರೆದುಕೊಡಿ, ಕನ್ನಡದಲ್ಲೇ ಬರೆಯಿರಿ, ತೊಂದರೆ ಇಲ್ಲ” ಎಂದರು. ಭಾವ ಪೆನ್ನನ್ನು ನನ್ನ ಕಡೆ ತಳ್ಳಿದರು. “ನೀನಲ್ವಾ ದಿನಾ ಪದಚರ್ಚೆ ಮಾಡೋದು, ಬರಿ ಈಗ.” ನಾನು ಬರೆದ ಮೊದಲ ಸಾಲು: “ಸನ್‌ರೂಫಿನ ಗಾಜು ಒಡೆದಿದೆ.” ಸರ್ವೇಯರ್ ಓದಿ ಕೇಳಿದರು: “ಯಾವುದು ಒಡೆದದ್ದು? ಗಾಜು ತಾನಾಗಿ ಒಡೆಯಿತಾ, ಏನಾದರೂ ಬಿದ್ದು ಒಡೆಯಿತಾ?”

ಅವರ ಪ್ರಶ್ನೆ ಸರಿಯಾಗಿಯೇ ಇದೆ. ‘ಒಡೆ’ ಎಂಬ ಕ್ರಿಯಾಪದ ಎರಡೂ ಕಡೆ ಕೆಲಸ ಮಾಡುತ್ತದೆ. ‘ಮಡಕೆ ಒಡೆಯಿತು’ ಎಂದರೆ ಮಡಕೆಯೇ ಕರ್ತೃ. ‘ಬೆಕ್ಕು ಮಡಕೆ ಒಡೆಯಿತು’ ಎಂದರೆ ಬೆಕ್ಕು ಕರ್ತೃ, ಮಡಕೆ ಕರ್ಮ. ಕ್ರಿಯಾಪದ ಒಂದಿಷ್ಟೂ ಬದಲಾಗಲಿಲ್ಲ. ಜೀವವಿಲ್ಲದ ವಸ್ತುಗಳಿಗೆ ನಾವು ಮಾತಿನಲ್ಲಿ ‘ಅನ್ನು’ ಕೂಡ ಹಚ್ಚುವುದಿಲ್ಲ. ಹಾಗಾಗಿ ‘ಗಾಜು ಒಡೆದಿದೆ’ ಎಂಬ ಸಾಲಿನಲ್ಲಿ ಒಡೆದವರು ಯಾರು ಎಂಬುದು ಮುಚ್ಚಿಹೋಗಿದೆ. ‘ಮುರಿ’, ‘ಹರಿ’ ಕೂಡ ಹೀಗೇ. ಕೋಲು ಮುರಿಯಿತು, ಕೋಲು ಮುರಿದ. ಬಟ್ಟೆ ಹರಿಯಿತು, ಬಟ್ಟೆ ಹರಿದ.

ಇದನ್ನು ಬಿಡಿಸಲು ಕನ್ನಡ ಇನ್ನೊಂದು ಕ್ರಿಯಾಪದವನ್ನು ಬಾಲಕ್ಕೆ ಕಟ್ಟುತ್ತದೆ ಎಂದು ಆಮೇಲೆ ಹೊಳೆಯಿತು. ‘ಒಡೆದುಹೋಯಿತು’ ಎಂದರೆ ಯಾರೂ ಬೇಕಂತ ಮಾಡಿದ್ದಲ್ಲ. ‘ಒಡೆದುಹಾಕಿದ’ ಎಂದರೆ ಕೈಯಲ್ಲಿ ಕಲ್ಲು ಇತ್ತು. ವಿಮೆಯ ಹೇಳಿಕೆಯಲ್ಲಿ ‘ಹೋಗು’ ಮತ್ತು ‘ಹಾಕು’ ನಡುವೆ ಇರುವುದು ಅಪಘಾತಕ್ಕೂ ಪುಂಡಾಟಕ್ಕೂ ಇರುವ ವ್ಯತ್ಯಾಸ. ನಾನು ಕಡೆಗೆ ಬರೆದದ್ದು “ತೆಂಗಿನಕಾಯಿ ಬಿದ್ದು ಗಾಜು ಒಡೆದುಹೋಗಿದೆ”. ಅವರು ತಲೆ ಆಡಿಸಿದರು.

ಈ ನಡುವೆ ‘ಮುರಿದ ಗಾಜು’ ಎಂದು ಬರೆಯುವವರು ಜಾಸ್ತಿ ಆಗಿದ್ದಾರೆ. ಅನುವಾದದ ಆ್ಯಪುಗಳಿಂದ ಬಂದ ರೋಗ ಇರಬೇಕು. ನನ್ನ ಕಿವಿಗೆ ಗಾಜು ಮುರಿಯುವುದಿಲ್ಲ. ಮುರಿಯುವುದು ಕೊಂಬೆ, ಕಾಲು, ಮದುವೆ ಮಾತುಕತೆ. ಒಡೆಯುವುದು ಮಡಕೆ, ಮೊಟ್ಟೆ, ಕೆರೆಯ ಏರಿ, ಹಾಲು. ಉದ್ದಕ್ಕೆ ಇರುವುದು ಮುರಿಯುತ್ತದೆ, ಒಳಗೆ ಏನನ್ನಾದರೂ ಹಿಡಿದಿಟ್ಟದ್ದು ಒಡೆಯುತ್ತದೆ ಎಂದು ಒಂದು ನಿಯಮ ಮಾಡಿಕೊಂಡಿದ್ದೆ. ಕ್ವಾರಿಯಲ್ಲಿ ಕಲ್ಲು ಒಡೆಯುವವರು ನೆನಪಾಗಿ ನಿಯಮವೂ ಒಡೆದುಹೋಯಿತು. ಯಾರಾದರೂ ಇದಕ್ಕಿಂತ ಒಳ್ಳೆಯ ವಿವರಣೆ ಕೊಟ್ಟರೆ ಉಪಕಾರ.

ಇನ್ನು ‘ಡ್ಯಾಮೇಜ್’. ಪತ್ರಿಕೆಗಳಲ್ಲಿ ಕಾರು ‘ಜಖಂ’ ಆಗುತ್ತದೆ. ಪಾರಸಿಯಲ್ಲಿ ಅದು ಗಾಯ ಎಂಬ ಅರ್ಥದ ಪದ. ಕನ್ನಡದಲ್ಲಿ ಮನುಷ್ಯನಿಗೆ ಗಾಯ, ವಾಹನಕ್ಕೆ ಜಖಂ ಎಂದು ಪಾಲಾಗಿದೆ. ಆದರೆ ಗಾಜಿಗೆ ಜಖಂ ಒಗ್ಗುವುದಿಲ್ಲ. ಗಾಜಿಗೆ ಬೇರೆ ಬೇರೆ ಹೆಸರೇ ಬೇಕು. ಮೇಲ್ಮೈ ಕೆರೆದರೆ ಗೀರು. ಕಲ್ಲು ಸಿಡಿದು ಸ್ವಲ್ಪ ಕಿತ್ತುಬಂದರೆ ಚಕ್ಕೆ ಎದ್ದಿದೆ ಎನ್ನುತ್ತೇವೆ. ಗೆರೆ ಓಡಿದರೆ ಬಿರುಕು. ಇಷ್ಟೂ ಮುಂದಿನ ಗಾಜಿಗೆ ಸಾಕು. ಏಕೆಂದರೆ ಅದು ಎರಡು ಪದರ ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು. ಒಡೆದರೂ ಜೇಡರ ಬಲೆಯ ಹಾಗೆ ಅಲ್ಲೇ ನಿಲ್ಲುತ್ತದೆ.

ಸನ್‌ರೂಫಿನದು ಹೆಚ್ಚಾಗಿ ಬೇರೆ ಜಾತಿ. ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ತಣಿಯುತ್ತಾ ಹೊರಮೈಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಈ ಬಿಗಿಯೇ ಅದರ ಬಲ. ಎಲ್ಲಾದರೂ ಒಂದು ಕಡೆ ಆ ಬಿಗಿ ಬಿಟ್ಟಿತೋ, ಇಡೀ ಗಾಜು ಒಮ್ಮೆಗೇ ಕಾಳುಕಾಳಾಗಿ ಉದುರುತ್ತದೆ. ಅದಕ್ಕೇ ಆ ಅಕ್ಕಿ ಸುರಿದ ಸದ್ದು. ಇದನ್ನು ‘ಚೂರು’ ಎಂದರೆ ತಪ್ಪು ಚಿತ್ರ ಬರುತ್ತದೆ, ಚೂರು ಎಂದರೆ ಕೈ ಕೊಯ್ಯುವ ಚೂಪಾದ ತುಂಡು. ‘ಪುಡಿ’ ಎಂದರೆ ತೀರಾ ಸಣ್ಣದು. ಮಂಗಳೂರಿನ ವರ್ಕ್‌ಶಾಪಿನ ಮೆಕ್ಯಾನಿಕ್ ಒಂದು ಹಿಡಿ ಎತ್ತಿ ತೋರಿಸಿ “ಕಲ್ಲುಸಕ್ಕರೆ ಆಗಿದೆ” ಎಂದ. ಅಂಗೈಯಲ್ಲಿ ನೋಡಿದರೆ ಹೌದು, ಅದೇ ಆಕಾರ, ಅದೇ ಹೊಳಪು. ಬೇರೆ ಊರಿನ ಗ್ಯಾರೇಜುಗಳಲ್ಲೂ ಹೀಗೆ ಹೇಳುತ್ತಾರಾ? ಹಾಗೆಯೇ ಈ ಗಾಜಿಗೆ ‘ಟಫನ್ಡ್’ ಬಿಟ್ಟು ಏನಾದರೂ ಬಳಕೆಯಲ್ಲಿ ಇದೆಯಾ? ‘ಹದಗೊಳಿಸಿದ ಗಾಜು’ ಎಂದು ನಾನೇ ಬರೆದೆ. ಕತ್ತಿಗೆ ಹದ ಕೊಡುವುದು ನೆನಪಿತ್ತು. ಆದರೆ ಓದುವವರಿಗೆ ಉಪ್ಪಿನಕಾಯಿಯ ಹದ ನೆನಪಾದೀತು ಎಂಬ ಅಳುಕು.

‘ಗಾಜು’ ಪದದ ಬಗ್ಗೆ ಒಂದು ಮಾತು. ಸಂಸ್ಕೃತದ ಕಾಚವೇ ಬಾಯಲ್ಲಿ ಉರುಳಿ ಗಾಜು ಆದದ್ದು. ತೆಲುಗಿನವರಿಗೆ ಗಾಜು ಎಂದರೆ ಬಳೆಯೂ ಹೌದು. ನಮ್ಮಲ್ಲಿ ಬಳೆ ಬೇರೆ ಉಳಿಯಿತು. ಈಗ ಗಾಜಿನ ಜಾಗಕ್ಕೆ ‘ಗ್ಲಾಸು’ ಬಂದಿದೆ. ಗ್ಯಾರೇಜಿನಲ್ಲಿ ‘ಗಾಜು’ ಎಂದರೆ ಹುಡುಗರು ಒಮ್ಮೆ ಮುಖ ನೋಡುತ್ತಾರೆ. ‘ಗ್ಲಾಸು’ ಎಂದರೆ ಕಾರಿನದು, ಕುಡಿಯುವುದು ಎರಡೂ ಆಗುತ್ತದೆ, ಆದರೂ ಯಾರಿಗೂ ಗೊಂದಲ ಇಲ್ಲ.

ಸನ್‌ರೂಫ್ ಪದವನ್ನು ಕನ್ನಡ ಮಾಡಬೇಕಾ? ನನ್ನ ಅಭಿಪ್ರಾಯ ಬೇಡ ಎಂದೇ. ‘ಸೂರ್ಯ ಛಾವಣಿ’ ಎಂದು ಒಂದು ಕಡೆ ಓದಿದೆ. ಬಸದಿಯ ಹೆಸರಿನ ಹಾಗಿದೆ. ಅಷ್ಟಕ್ಕೂ ಇಂಗ್ಲಿಷಿನಲ್ಲೂ ಆ ಪದ ಅರ್ಥಕ್ಕೆ ಕಟ್ಟುಬಿದ್ದಿಲ್ಲ. 1937ರಲ್ಲಿ ಅಮೆರಿಕದ ನ್ಯಾಶ್ ಕಂಪನಿಯ ಕಾರುಗಳಲ್ಲಿ ಸನ್‌ರೂಫ್ ಬಂದಾಗ ಅದು ಜಾರುವ ತಗಡಿನ ಮುಚ್ಚಳ. ಗಾಜಿನದು ಬಂದಾಗ ಫೋರ್ಡ್‌ನವರು 1973ರಲ್ಲಿ ಅದಕ್ಕೆ ‘ಮೂನ್‌ರೂಫ್’ ಎಂದು ಬೇರೆ ಹೆಸರಿಟ್ಟರು. ಈಗ ತಗಡಿನದು ಹೋಯಿತು, ಗಾಜಿನದಕ್ಕೇ ಸನ್‌ರೂಫ್ ಎನ್ನುತ್ತಾರೆ. ನಾವು ಡಿಕ್ಕಿ, ಸ್ಟೆಪ್ನಿಗಳನ್ನು ನುಂಗಿ ಅರಗಿಸಿಕೊಂಡವರು. ಸ್ಟೆಪ್ನಿ ಎಂಬುದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿ ಬದಲಿ ಚಕ್ರ ಮಾಡುತ್ತಿದ್ದರು. ಇವತ್ತು ನಮ್ಮ ಲಾರಿ ಚಾಲಕರು ದಿನಾ ಆ ಬೀದಿಯ ಹೆಸರು ಹೇಳುತ್ತಾರೆ. ಸನ್‌ರೂಫಿಗೆ ಮಾತ್ರ ಯಾಕೆ ಬಾಗಿಲು ಹಾಕಬೇಕು?

ಹಾಗಿದ್ದರೂ ಅಮ್ಮನ ‘ಕನ್ನಡಿ ಹಂಚು’ ನನ್ನನ್ನು ಬಿಡುತ್ತಿಲ್ಲ. ಕರಾವಳಿಯವರಿಗೆ ಗೊತ್ತು, ಹಂಚಿನ ಮಾಡಿನಲ್ಲಿ ಅಡಿಗೆಮನೆಯ ಮೇಲೆ, ದೇವರ ಕೋಣೆಯ ಮೇಲೆ ಒಂದೆರಡು ಗಾಜಿನ ಹಂಚು ಇರುತ್ತದೆ. ಬೆಳಗ್ಗೆ ಅದರಿಂದ ಬೀಳುವ ಬಿಸಿಲಿನ ಚೌಕ ನೆಲದಲ್ಲಿ ಸರಿಯುತ್ತಾ ಹೋಗುವುದನ್ನು ನೋಡಿ ಅಜ್ಜಿ ಹೊತ್ತು ಹೇಳುತ್ತಿದ್ದರು. ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಂಥ ಮಾಡು ನಮ್ಮ ಕಡೆ ಮನೆಮನೆಗೂ ಬಂತು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಇದೇ ಕೆಲಸಕ್ಕೆ ಬೆಳಕಿಂಡಿ ಇದೆ. ‘ಗವಾಕ್ಷಿ’ಯೂ ಇದೆ, ಆದರೆ ಅದನ್ನು ಹೇಳುವಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ. ಕಾರಿಗೆ ಬೆಳಕಿಂಡಿ ಎನ್ನಲು ಅಡ್ಡಿಯಿಲ್ಲ. ಆದರೆ ಬೆಳಕಿಂಡಿಗೆ ಮೋಟರು ಇಲ್ಲ, ಜಾರುವುದೂ ಇಲ್ಲ. ಹೇಳಿಕೆಯಲ್ಲಿ ಸನ್‌ರೂಫ್ ಎಂದೇ ಬರೆದೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ರಿಪ್ಲೇಸ್’ ಮಾಡುವುದಕ್ಕೆ ನಾವು ಸುಮ್ನೆ ‘ಬದಲಿಸು’ ಎಂದು ಬರೆದುಬಿಡುತ್ತೇವೆ. ನಾನೂ ಹಾಗೇ ಬರೆದಿದ್ದೆ. ವರ್ಕ್‌ಶಾಪಿನಲ್ಲಿ ಎರಡು ಗಂಟೆ ನಿಂತ ಮೇಲೆ ಆ ಪದ ಸಪ್ಪೆ ಅನ್ನಿಸಿತು. ಅಲ್ಲಿ ಯಾರೂ ಬದಲಿಸು ಎನ್ನಲಿಲ್ಲ. ಹಳೆಯದನ್ನು ‘ಬಿಚ್ಚಿದರು’, ಹೊಸದನ್ನು ‘ಕೂರಿಸಿದರು’. ನಡುವೆ ಅರ್ಧ ಹೊತ್ತು ಹೋದದ್ದು ಕಲ್ಲುಸಕ್ಕರೆಯನ್ನು ಹಳಿಯ ಸಂದಿಯಿಂದ ಹೆಕ್ಕುವುದರಲ್ಲಿ. ಒಂದು ಕಾಳು ಉಳಿದರೂ ಗ್ಲಾಸ್ ಜಾರುವಾಗ ಕಚ್ಚಿಕೊಳ್ಳುತ್ತದಂತೆ. ಮೆಕ್ಯಾನಿಕ್ ಹೊಸ ಗಾಜನ್ನು ಇಟ್ಟು ನಾಲ್ಕು ಸ್ಟಾರ್ ಸ್ಕ್ರೂ ಅರ್ಧ ಬಿಗಿ ಮಾಡಿದ. ಆಮೇಲೆ ಹೆಬ್ಬೆರಳನ್ನು ತಗಡಿನಿಂದ ಗಾಜಿನ ಮೇಲೆ ಎಳೆದ. ಮತ್ತೆ ಎಳೆದ. ಮುಂದಿನ ಅಂಚು ತಗಡಿಗಿಂತ ಕೂದಲೆಳೆಯಷ್ಟು ಕೆಳಗೆ, ಹಿಂದಿನ ಅಂಚು ಅಷ್ಟೇ ಮೇಲೆ ಇರಬೇಕು, ಇಲ್ಲದಿದ್ದರೆ ಓಡುವಾಗ ಗಾಳಿ ಶಿಳ್ಳೆ ಹಾಕುತ್ತದೆ ಎಂದು ವಿವರಿಸಿದ. “ಗ್ಲಾಸ್ ಹಾಕುದು ದೊಡ್ಡ ವಿಷಯ ಅಲ್ಲ ಸರ್, ಅದು ಕೂತ್ಕೊಳ್ಬೇಕು.” ಕೊನೆಗೆ ಸ್ವಿಚ್ಚನ್ನು ಒತ್ತಿ ಹಿಡಿದು ಗಾಜನ್ನು ಪೂರ್ತಿ ತೆರೆದು ಮುಚ್ಚಿಸಿದ. ಎಲ್ಲಿ ನಿಲ್ಲಬೇಕು ಎಂದು ಮೋಟರಿಗೆ ‘ಕಲಿಸುವುದು’ ಎಂದ. ಇದೂ ನನಗೆ ಇಷ್ಟವಾದ ಬಳಕೆ.

‘ಕೂರಿಸು’ ಎಂಬುದರಲ್ಲಿ ‘ಬದಲಿಸು’ವಿನಲ್ಲಿ ಇಲ್ಲದ್ದು ಇದೆ. ಬಡಗಿ ಬಾಗಿಲು ಕೂರಿಸುತ್ತಾನೆ, ಅಕ್ಕಸಾಲಿ ಹರಳು ಕೂರಿಸುತ್ತಾನೆ, ನಾವು ಗಣಪತಿ ಕೂರಿಸುತ್ತೇವೆ. ಎಲ್ಲ ಕಡೆಯೂ ಒಂದು ಜಾಗ ಮೊದಲೇ ಸಿದ್ಧ ಇದೆ, ವಸ್ತು ಅದಕ್ಕೆ ಒಗ್ಗಬೇಕು. ‘ಹಾಕು’ವಿಗೆ ಆ ಹಂಗಿಲ್ಲ. ಬದಲಿಸುವುದು ಬಿಲ್ಲಿನ ಭಾಷೆ, ಕೂರಿಸುವುದು ಕೈಯ ಭಾಷೆ ಎಂದು ನನಗೆ ತೋರುತ್ತದೆ.

ಬಿಲ್ಲು ಎಂದಾಗ ನೆನಪಾಯಿತು. ಪದ ಹೆಚ್ಚುಕಡಿಮೆ ಆದರೆ ದುಡ್ಡೂ ಹೆಚ್ಚುಕಡಿಮೆ ಆಗುತ್ತದೆ. ಮಾಮೂಲಿ ಮೋಟಾರು ವಿಮೆಯಲ್ಲಿ ಗಾಜಿಗೆ ಸವಕಳಿ, ಅಂದರೆ ಹಳೆಯದಾಯಿತು ಎಂದು ಮಾಡುವ ಕಡಿತ, ಇಲ್ಲ. ರಬ್ಬರು, ನೈಲಾನು, ಪ್ಲಾಸ್ಟಿಕ್ಕಿಗೆ ನೂರಕ್ಕೆ 50 ಕಡಿತ. ‘ಸನ್‌ರೂಫ್ ಹಾಳಾಗಿದೆ’ ಎಂದು ಒಟ್ಟಾಗಿ ಬರೆದರೆ ಯಾವುದು ಗಾಜು, ಯಾವುದು ಬೀಡಿಂಗು ಎಂಬ ಚರ್ಚೆ ಶುರುವಾಗುತ್ತದೆ. ಅದಕ್ಕೇ ಗಾಜು ಬೇರೆ, ಅಂಚಿನ ರಬ್ಬರು ಬೇರೆ ಎಂದು ಬಿಡಿಸಿ ಬರೆದೆ. ‘ಸವಕಳಿ’ ಎಷ್ಟು ಒಳ್ಳೆಯ ಪದ ಅಲ್ವಾ? ಸವೆದದ್ದು ಕಣ್ಣಿಗೆ ಕಾಣುತ್ತದೆ.

ಕೊನೆಯದಾಗಿ ಒಂದು ಭಾಗದ ಹೆಸರು ಬೇಕಾಗಿದೆ. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾದದ್ದು. ಸ್ವಲ್ಪ ನೀರು ಒಳಗೆ ಇಳಿಯುತ್ತದೆ. ಗಾಜಿನ ಸುತ್ತ ಕೆಳಗೆ ಒಂದು ಕಾಲುವೆ ಇದೆ. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಾರಿನ ಮಾಡು ಹೊತ್ತ ಕಂಬಗಳ ಒಳಗೇ ಇಳಿದು ನೀರನ್ನು ಚಕ್ರದ ಹತ್ತಿರ ಹೊರಗೆ ಬಿಡುತ್ತವೆ. ಎಲೆ, ಧೂಳು ಕಟ್ಟಿದರೆ ನೀರು ತಲೆಯ ಮೇಲೆ. ಮೆಕ್ಯಾನಿಕ್ ಇದಕ್ಕೆ ‘ಡ್ರೈನು’ ಎಂದ, ಅದು ಕೊಳವೆಗೂ ಆಯಿತು ಕಾಲುವೆಗೂ ಆಯಿತು. ನಮ್ಮ ಕಡೆ ಅಡಿಕೆ ಮರ ಸೀಳಿ ತಿರುಳು ತೆಗೆದು ನೀರು ಹರಿಸುವುದಕ್ಕೆ ದಂಬೆ ಎನ್ನುತ್ತೇವೆ. ಅಮ್ಮನಿಗೆ ಆ ಕಾಲುವೆ ತೋರಿಸಿದೆ. “ದಂಬೆ ಉಂಟಲ್ಲ, ಕಸ ತೆಗೆದಿರಾ?” ಎಂದರು. ತೆಗೆದಿರಲಿಲ್ಲ. ಮತ್ತೆ ಇಳಿದು ತೆಗೆದೆವು.

ಮಲೆನಾಡಿನಲ್ಲಿ, ಹೈದರಾಬಾದ್ ಕಡೆ ಗಡಿಯ ಊರುಗಳಲ್ಲಿ ಇಂಥ ಸೂರಿನ ಕಾಲುವೆಗೆ ಏನೆನ್ನುತ್ತೀರಿ? ಧಾರವಾಡ ಕಡೆಯವರು ‘ಕೂಡ್ರಿಸು’ ಎಂಬುದನ್ನು ಯಂತ್ರದ ಭಾಗಕ್ಕೂ ಹೇಳುತ್ತೀರಾ, ಮನುಷ್ಯರಿಗೆ ದೇವರಿಗೆ ಮಾತ್ರವಾ? ಭಾನುವಾರದ ಒಳಗೆ ತಿಳಿಸಿದರೆ ಒಳ್ಳೆಯದು. ಸೋಮವಾರ ಹೇಳಿಕೆಯ ಶುದ್ಧ ಪ್ರತಿ ಕೊಡಬೇಕು, ಭಾವ ಈಗಾಗಲೇ ಎರಡು ಸಲ ಫೋನು ಮಾಡಿದ್ದಾರೆ.