ದಾಖಲೆಯ ಪಕ್ಕದಲ್ಲಿ ನಿಂತವರು ಯಾರು?

ಥರ್ಡ್‌ಮ್ಯಾನ್ ಕೇಳಿದ್ದು:

ಕುಂಬ್ಳೆಯ 10 ವಿಕೆಟ್, ಕಪಿಲ್ ಅವರ 175, ಲಾರಾನ 400. ಇವೆಲ್ಲ ನಮಗೆ ಬಾಯಿಪಾಠ. ನನಗೆ ಬೇಕಾಗಿರುವುದು ಬೇರೆ. ಅಂಥ ದೊಡ್ಡ ದಿನಗಳಲ್ಲಿ ಪಕ್ಕದಲ್ಲೇ ಇದ್ದು ಕೆಲಸ ಮಾಡಿದವರು, ಆದರೆ ಹೆಸರು ಮಾತ್ರ ಯಾರ ಬಾಯಲ್ಲೂ ಬರದವರು. ಅಂಥವರು ನಿಮಗೆ ನೆನಪಿದ್ದಾರಾ?

ಒಂದು ನಾನೇ ಶುರು ಮಾಡುತ್ತೇನೆ. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನಕ್ಕೆ 420 ರನ್ ಗುರಿ. ವಿಕೆಟ್ ಹೋಗದೆ 101 ಆಗಿಬಿಟ್ಟಿತ್ತು. ಅಲ್ಲಿಂದ ಕುಂಬ್ಳೆ ಒಬ್ಬೊಬ್ಬರನ್ನೇ ಕಳಿಸುತ್ತಾ 9ಕ್ಕೆ ಬಂದು ನಿಂತರು. ಇನ್ನೊಂದು ತುದಿಯ ಓವರ್ ಶ್ರೀನಾಥ್‌ದು. ಬೇಕೆಂದೇ ಸ್ಟಂಪಿನಿಂದ ದೂರ ದೂರ ಹಾಕಿದರು. ವೈಡ್ ಆದರೂ ಚಿಂತೆಯಿಲ್ಲ, ತನಗೆ ಮಾತ್ರ ವಿಕೆಟ್ ಬೀಳಬಾರದು! ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಹೊಡೆತ ಶಾರ್ಟ್‌ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈಗೆ. 26.3 ಓವರ್, 74ಕ್ಕೆ 10. ಒಬ್ಬ ವೇಗದ ಬೌಲರ್ ವಿಕೆಟ್ ಬೇಡ ಅಂತ ಓಡಿಬರುವುದು ಎಷ್ಟು ಕಷ್ಟ ಇರಬೇಕು, ಅಲ್ವಾ?

ಸಿಲ್ಲಿಪಾಯಿಂಟ್:

ಇದರ ತದ್ವಿರುದ್ಧ ಕತೆ ಟೋನಿ ಲಾಕ್‌ದು. 1956, ಓಲ್ಡ್ ಟ್ರಾಫರ್ಡ್. ಜಿಮ್ ಲೇಕರ್ 90 ರನ್ನಿಗೆ 19 ವಿಕೆಟ್ ತೆಗೆದ ಪಂದ್ಯ. ಅದೇ ಪಿಚ್, ಇನ್ನೊಂದು ತುದಿ, ಲಾಕ್ ಕೂಡ ಒಳ್ಳೆಯ ಸ್ಪಿನ್ನರ್. ಅವನೇನು ಬಿಟ್ಟುಕೊಡಲಿಲ್ಲ, ಬೆವರು ಸುರಿಸಿ ಹಾಕಿದ. ಎರಡೂ ಇನಿಂಗ್ಸ್ ಸೇರಿ ಅವನಿಗೆ ಸಿಕ್ಕಿದ್ದು ಒಂದೇ ಒಂದು. ಆ ಒಂದನ್ನೂ ಲೇಕರ್‌ಗೇ ಬಿಡಬಾರದಿತ್ತೇ ಅಂತ ಜನ ಕೇಳುತ್ತಾರೆ. ಪಾಪ!

ಸ್ಕೋರ್‌ಬುಕ್:

ನಾನು ಲೀಗ್ ಪಂದ್ಯಗಳಿಗೆ ಸ್ಕೋರರ್ ಆಗಿ ಕೂರುವವನು. ಹಾಗಾಗಿ ನನ್ನ ಓಟು ವೆಸ್ಟ್ ಇಂಡೀಸ್‌ನ ಜೋ ಸಾಲೊಮನ್‌ಗೆ. ಯಾಕೆ ಅಂದರೆ, ನಾವು ಪುಸ್ತಕದಲ್ಲಿ ಕ್ಯಾಚ್ ಹಿಡಿದವನ ಹೆಸರು ಬರೆಯುತ್ತೇವೆ, ಸ್ಟಂಪ್ ಮಾಡಿದವನ ಹೆಸರು ಬರೆಯುತ್ತೇವೆ. ರನ್‌ಔಟ್ ಆದರೆ ಬರೀ ‘ರನ್‌ಔಟ್’. ಚೆಂಡು ಎಸೆದವನಿಗೆ ಜಾಗವೇ ಇಲ್ಲ. ಈಗಿನ ವೆಬ್‌ಸೈಟುಗಳಲ್ಲಿ ಹೆಸರು ಹಾಕುತ್ತಾರೆ, ಹಳೆಯ ಕಾರ್ಡುಗಳಲ್ಲಿ ಅದೂ ಇರಲಿಲ್ಲ.

1960ರ ಡಿಸೆಂಬರ್, ಬ್ರಿಸ್ಬೇನ್. ವೆಸ್ಟ್ ಇಂಡೀಸ್ ಎದುರು ಆಸ್ಟ್ರೇಲಿಯಾಕ್ಕೆ 233 ಬೇಕು. 92ಕ್ಕೆ 6 ಹೋಗಿದೆ. ಆಮೇಲೆ ಡೇವಿಡ್ಸನ್, ಬೆನೊ ಸೇರಿ 134 ಕೂಡಿಸಿ ಪಂದ್ಯವನ್ನು ಬಾಗಿಲ ತನಕ ತಂದರು. ಗೆಲ್ಲಲು ಇನ್ನು 7 ರನ್ ಇದೆ ಅನ್ನುವಾಗ ಸಾಲೊಮನ್ ನೇರವಾಗಿ ವಿಕೆಟ್‌ಗೆ ಹೊಡೆದು ಡೇವಿಡ್ಸನ್‌ನನ್ನು ರನ್‌ಔಟ್ ಮಾಡಿದ. ಇದು ಮೊದಲನೆಯದು.

ಕೊನೆಯ ಓವರ್ ವೆಸ್ ಹಾಲ್‌ದು. ಆಗ ಅಲ್ಲಿ ಓವರಿಗೆ 8 ಎಸೆತ. 6 ರನ್ ಬೇಕು, 3 ವಿಕೆಟ್ ಇದೆ. ಮೊದಲ ಎಸೆತ ಗ್ರೌಟ್ ಮೈಗೆ ಬಡಿದು ಲೆಗ್‌ಬೈ. ಬೌನ್ಸರ್ ಬೇಡ ಅಂತ ನಾಯಕ ವೊರೆಲ್ ಹೇಳಿದ್ದರೂ ಹಾಲ್ ಎರಡನೆಯದನ್ನು ಬೌನ್ಸರ್ ಹಾಕಿದ. ಬೆನೊ ಹುಕ್ ಮಾಡಲು ಹೋಗಿ ಕೀಪರ್ ಅಲೆಕ್ಸಾಂಡರ್ ಕೈಗೆ ಕ್ಯಾಚ್! ಮೂರನೆಯದಕ್ಕೆ ರನ್ ಇಲ್ಲ. ನಾಲ್ಕಕ್ಕೆ ಬೈ. ಐದನೆಯದನ್ನು ಗ್ರೌಟ್ ಮೇಲೆತ್ತಿದ. ಚೆಂಡಿನ ಕೆಳಗೆ ಕನ್ಹಾಯ್ ಆರಾಮಾಗಿ ನಿಂತಿದ್ದಾನೆ. ಹಾಲ್ ತಾನೇ ಓಡಿಬಂದು ಕೈ ಹಾಕಿ ಕ್ಯಾಚ್ ಬಿಟ್ಟ. ಒಂದು ರನ್ನೂ ಹೋಯಿತು. ಆರನೆಯದನ್ನು ಮೆಕಿಫ್ ಲೆಗ್ ಕಡೆ ಹೊಡೆದ, ಎರಡು ಓಡಿದರು, ಸ್ಕೋರ್ ಸಮ. ಮೂರನೆಯ ರನ್ನಿಗೆ ತಿರುಗಿದಾಗ ಕಾನ್ರಾಡ್ ಹಂಟ್ ಬೌಂಡರಿ ಹತ್ತಿರದಿಂದ ಎಸೆದ ಚೆಂಡು ನೇರ ಅಲೆಕ್ಸಾಂಡರ್ ಕೈಗೆ ಬಂತು. ಗ್ರೌಟ್ ರನ್‌ಔಟ್.

ಈಗ ಒಂದು ವಿಕೆಟ್, ಒಂದು ರನ್, ಎರಡು ಎಸೆತ. ಕ್ಲೈನ್ ಸ್ಕ್ವೇರ್‌ಲೆಗ್ ಕಡೆ ತಳ್ಳಿದ. ಮೆಕಿಫ್ ಓಡಿದ. ಅಲ್ಲಿದ್ದದ್ದು ಮತ್ತೆ ಸಾಲೊಮನ್. ಅವನು ನಿಂತ ಜಾಗದಿಂದ ಕಾಣುತ್ತಿದ್ದದ್ದು ಒಂದೇ ಸ್ಟಂಪ್. ಹೊಡೆದೇಬಿಟ್ಟ. ಟೆಸ್ಟ್ ಇತಿಹಾಸದ ಮೊದಲ ಟೈ. ಮೈದಾನದಲ್ಲಿದ್ದವರಿಗೇ ಯಾರು ಗೆದ್ದರು ಅಂತ ಗೊತ್ತಾಗದೆ ಗೊಂದಲ ಎದ್ದಿತ್ತು. ಇಂಥ ಹೊತ್ತಲ್ಲಿ ಸ್ಕೋರರ್ ಪೆನ್ಸಿಲ್ ನಡುಗದೆ ಇರುತ್ತಾ?

ಈಗ ಕಾರ್ಡ್ ತೆಗೆದು ನೋಡಿ. ಹಾಲ್: 17.7 ಓವರ್, 63 ರನ್, 5 ವಿಕೆಟ್. (17.7 ಅನ್ನುವುದು ಅಚ್ಚಿನ ತಪ್ಪಲ್ಲ, 8 ಎಸೆತದ ಓವರ್ ಅದು.) ಡೇವಿಡ್ಸನ್ ರನ್‌ಔಟ್ 80, ಮೆಕಿಫ್ ರನ್‌ಔಟ್ 2. ಪಂದ್ಯದ ಗತಿ ತಿರುಗಿಸಿದ ಎರಡು ವಿಕೆಟ್, ಒಬ್ಬನದೇ ಕೈ. ಹೆಸರು ಎಲ್ಲಿದೆ?

ಕವರ್‌ಡ್ರೈವ್:

ಕಿರ್ಮಾನಿಯನ್ನು ಬಿಟ್ಟರೆ ಹೇಗೆ ಮಾರಾಯ್ರೇ! 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು 17ಕ್ಕೆ 5. ಅಲ್ಲಿಂದ ಕಪಿಲ್ 175. ಆದರೆ ಕಿರ್ಮಾನಿ ಬಂದಾಗ ಸ್ಕೋರ್ 140ಕ್ಕೆ 8. ಅವರು ಔಟಾಗಿದ್ದರೆ 200 ಕೂಡ ಅನುಮಾನವೇ ಇತ್ತು. ಮುರಿಯದ 126 ರನ್ನಿನ ಜೊತೆಯಾಟ, ಅದರಲ್ಲಿ ಕಿರ್ಮಾನಿ ಪಾಲು 24. ಆ ಪಂದ್ಯದ ವಿಡಿಯೋ ಇಲ್ಲ, ಹಾಗಾಗಿ ಕಪಿಲ್ ಹೊಡೆತಗಳನ್ನೇ ಕೇಳಿ ತೃಪ್ತಿಪಡಬೇಕು. ಕಿರ್ಮಾನಿ ಆ 24 ಹೇಗೆ ಮಾಡಿದರು ಅಂತ ಯಾರು ಕೇಳುತ್ತಾರೆ?

ಇನ್ನೊಂದು, ಸುಮ್ನೆ ಹೇಳಿಬಿಡುತ್ತೇನೆ. ಏಕದಿನದ ಮೊದಲ ದ್ವಿಶತಕ ಅಂದಕೂಡಲೇ 2010ರ ಗ್ವಾಲಿಯರ್, ಸಚಿನ್ ಅನ್ನುತ್ತಾರೆ. ಬೆಲಿಂಡಾ ಕ್ಲಾರ್ಕ್ 1997ರ ಡಿಸೆಂಬರ್‌ನಲ್ಲೇ, ಮಹಿಳಾ ವಿಶ್ವಕಪ್‌ನಲ್ಲಿ, ಡೆನ್ಮಾರ್ಕ್ ಎದುರು 229 ನಾಟೌಟ್ ಹೊಡೆದಿದ್ದರು. ಅದೂ ಮುಂಬೈಯಲ್ಲಿ!

ಥರ್ಡ್‌ಮ್ಯಾನ್:

ಸ್ಕೋರ್‌ಬುಕ್ ಸರ್, ಸಾಲೊಮನ್ ಕತೆ ಸೂಪರ್. ಒಂದು ಅನುಮಾನ. ಸ್ಕೋರ್ ಸಮ ಆದ ಮೇಲೂ ಕೆಲವು ಟೆಸ್ಟ್ ಡ್ರಾ ಅನ್ನುತ್ತಾರಲ್ಲ, ಯಾಕೆ?

ಸ್ಕೋರ್‌ಬುಕ್:

ಕೊನೆಗೆ ಆಡುವ ತಂಡ ಆಲೌಟ್ ಆಗಿ ಸ್ಕೋರ್ ಸಮ ಇದ್ದರೆ ಮಾತ್ರ ಟೈ. ವಿಕೆಟ್ ಉಳಿದಿರುವಾಗಲೇ ಹೊತ್ತು ಮುಗಿದರೆ ಡ್ರಾ. ಅದಕ್ಕೇ ಟೆಸ್ಟ್‌ನಲ್ಲಿ ಟೈ ಆಗಿರುವುದು ಎರಡೇ. ಇನ್ನೊಂದು 1986ರ ಮದ್ರಾಸ್. ಭಾರತಕ್ಕೆ 348 ಬೇಕಿತ್ತು, ಮಣಿಂದರ್ ಎಲ್‌ಬಿಡಬ್ಲ್ಯು ಆದಾಗ 347. ತಮಾಷೆ ನೋಡಿ, ಎರಡೂ ಟೈ ಆದಾಗ ಓವರಿನಲ್ಲಿ ಒಂದು ಎಸೆತ ಬಾಕಿ ಇತ್ತು.

ಮದ್ರಾಸ್‌ನಲ್ಲಿ ಪಕ್ಕದಲ್ಲಿ ನಿಂತು ನೋಡಿದವರು ರವಿಶಾಸ್ತ್ರಿ, 48 ನಾಟೌಟ್. ಸಿಂಗಲ್ ತೆಗೆದು ಸ್ಕೋರ್ ಸಮ ಮಾಡಿ ಮಣಿಂದರ್‌ಗೆ ಬ್ಯಾಟಿಂಗ್ ಕೊಟ್ಟರು ಅಂತ ಬೈಯುವವರು ಈಗಲೂ ಇದ್ದಾರೆ. ನನ್ನ ಪ್ರಕಾರ ಸರಿಯಾಗೇ ಮಾಡಿದರು. ಆ ಒಂದು ರನ್ ಬಂದಮೇಲೆ ಸೋಲು ಅನ್ನುವುದು ಇರಲಿಲ್ಲವಲ್ಲ.

ಡ್ರಾ ಆಗಿದ್ದಕ್ಕೆ 2011ರ ಮುಂಬೈ ಟೆಸ್ಟ್ ನೋಡಿ, ವೆಸ್ಟ್ ಇಂಡೀಸ್ ಎದುರು. ಬೇಕಾದದ್ದು 243. ಕೊನೆಯ ಎಸೆತದಲ್ಲಿ ಅಶ್ವಿನ್ ಒಂದು ಓಡಿ, ಎರಡನೆಯದಕ್ಕೆ ತಿರುಗಿ ರನ್‌ಔಟ್. 242ಕ್ಕೆ 9. ವಿಕೆಟ್ ಇನ್ನೊಂದಿತ್ತು, ಎಸೆತ ಇರಲಿಲ್ಲ. ಅದೇ ಅಶ್ವಿನ್ ಆ ಪಂದ್ಯದಲ್ಲಿ ಶತಕ ಹೊಡೆದು, ಇನಿಂಗ್ಸ್‌ನಲ್ಲಿ 5 ವಿಕೆಟ್ ಕೂಡ ತೆಗೆದಿದ್ದರು.